ಜ್ವರ ನಿಮಗೆ, ಶಿಕ್ಷೆ ಬೆಕ್ಕಿಗೇಕೆ?

ಮನೆಯಲ್ಲಿ ಯಾರಿಗಾದರೂ ಕೋವಿಡ್ ಬಂತೆಂದರೆ ಕೆಲವರ ಕಣ್ಣು ಮೊದಲು ಬೀಳುವುದು ಮೂಲೆಯಲ್ಲಿ ಮಲಗಿದ ನಾಯಿ ಅಥವಾ ಬೆಕ್ಕಿನ ಮೇಲೆ. "ಇದರಿಂದಲೇ ಅಂಟಿದ್ದು, ಎಲ್ಲಾದರೂ ಬಿಟ್ಟು ಬನ್ನಿ" ಅನ್ನುವವರು ಒಬ್ಬರಾದರೂ ಸಿಗುತ್ತಾರೆ. ಅಂಥವರ ಮಾತಿಗೆ ಕಿವಿಗೊಡಬೇಡಿ. ಸೋಂಕು ಹೆಚ್ಚಾಗಿ ಹೋಗುವುದು ನಮ್ಮಿಂದ ಅವಕ್ಕೆ. 2020ರಲ್ಲಿ ಹಾಂಗ್‌ಕಾಂಗಿನ ಸಾಕುನಾಯಿಯೊಂದರಲ್ಲಿ ಈ ವೈರಸ್ ಪತ್ತೆಯಾದಾಗಲೂ ಅದನ್ನು ಸಾಕಿದವರಿಗೆ ಅಷ್ಟರಲ್ಲಾಗಲೇ ಕೋವಿಡ್ ಆಗಿತ್ತು.

ಎಲ್ಲ ಪ್ರಾಣಿಗೂ ಒಂದೇ ಸಮನೆ ತಗಲುವುದಿಲ್ಲ. ನಾಯಿಗಿಂತ ಬೆಕ್ಕಿಗೆ ಬೇಗ ತಗಲುತ್ತದೆ, ಒಂದು ಬೆಕ್ಕಿನಿಂದ ಇನ್ನೊಂದಕ್ಕೂ ದಾಟುತ್ತದೆ. ಇಲಿಯಂಥ ಹ್ಯಾಮ್‌ಸ್ಟರ್, ಮುಂಗುಸಿಯಂಥ ಫೆರೆಟ್ ಸಾಕಿದವರು ಇನ್ನೂ ಹುಷಾರಾಗಿರಬೇಕು. ಕೋಳಿ, ಬಾತುಕೋಳಿಯ ಚಿಂತೆ ಬೇಡ. ಹಾಗಂತ ಪ್ರಾಣಿಯಿಂದ ಮನುಷ್ಯನಿಗೆ ಬರುವುದೇ ಇಲ್ಲ ಅಂತಲೂ ಹೇಳಲಾಗದು. ತುಪ್ಪಳಕ್ಕಾಗಿ ಮಿಂಕ್ ಎಂಬ ಪ್ರಾಣಿಯನ್ನು ಸಾಕುವ ಡೆನ್ಮಾರ್ಕಿನ ಫಾರ್ಮುಗಳಲ್ಲಿ, 2022ರ ಜನವರಿಯಲ್ಲಿ ಹಾಂಗ್‌ಕಾಂಗಿನ ಹ್ಯಾಮ್‌ಸ್ಟರ್ ಅಂಗಡಿಯಲ್ಲಿ ಹಾಗೆ ಆಗಿದೆ. ಥಾಯ್ಲೆಂಡಿನಲ್ಲಿ ಸೋಂಕಿದ್ದ ಬೆಕ್ಕು ಮುಖಕ್ಕೇ ಸೀನಿ ಪಶುವೈದ್ಯೆಯೊಬ್ಬರಿಗೆ ಕೋವಿಡ್ ಬಂತೆಂದು ಅಲ್ಲಿನ ತಜ್ಞರು ಬರೆದಿದ್ದಾರೆ. ಆದರೆ ಇವೆಲ್ಲ ಅಪರೂಪ. ಪಕ್ಕದ ಕೋಣೆಯಲ್ಲಿ ಕೆಮ್ಮುವ ಮನುಷ್ಯನಿಂದ ಬರುವ ಅಪಾಯದ ಮುಂದೆ ಮನೆಯ ಬೆಕ್ಕಿನದು ಏನೇನೂ ಅಲ್ಲ.

ಹಾಗಾದರೆ ಮಾಡಬೇಕಾದ್ದೇನು? ನಿಮಗೆ ಜ್ವರ, ಕೆಮ್ಮು ಶುರುವಾಯಿತೋ, ಮನೆಯವರಿಂದ ದೂರ ಇರುವಂತೆ ಪ್ರಾಣಿಯಿಂದಲೂ ದೂರ ಇರಿ. ಊಟ ಹಾಕುವುದು, ನಾಯಿಯನ್ನು ಹೊರಗೆ ಕರೆದೊಯ್ಯುವುದು ಬೇರೆಯವರ ಕೆಲಸವಾಗಲಿ. ಒಬ್ಬರೇ ಇರುವವರು ಮಾಸ್ಕ್ ಹಾಕಿಕೊಂಡು, ಮೊದಲೂ ಆಮೇಲೂ ಸೋಪಿನಿಂದ ಕೈ ತೊಳೆದುಕೊಂಡು ಮಾಡಿದರಾಯಿತು. ಮುತ್ತು ಕೊಡುವುದು, ಮುಖ ನೆಕ್ಕಿಸಿಕೊಳ್ಳುವುದು, ನಿಮ್ಮ ತಟ್ಟೆಯಲ್ಲಿ ಉಳಿದದ್ದನ್ನು ಹಾಕುವುದು ಅಷ್ಟು ದಿನ ಬಂದ್. ಬೆಕ್ಕಿಗೆ ಇದನ್ನು ಒಪ್ಪಿಸುವುದೇ ಕಷ್ಟ, ನೋಡಿ. ಜ್ವರದ ಮೈಯ ಬಿಸಿ ಅದಕ್ಕೆ ಬಲು ಇಷ್ಟ, ಬಂದು ದಿಂಬಿನ ಮೇಲೆಯೇ ಮಲಗುತ್ತದೆ. ಬಾಗಿಲು ಹಾಕಿದರೆ ಪರಚಿ ಪರಚಿ ಕೂಗುತ್ತದೆ. ಕೂಗಲಿ ಬಿಡಿ, ಎರಡು ದಿನಕ್ಕೆ ಊಟ ಹಾಕುವವರ ಕಾಲು ಸುತ್ತುತ್ತಿರುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ವೈರಸ್ ಹೋಗಲೆಂದು ಪ್ರಾಣಿಯ ಮೈಗೆ ಸ್ಯಾನಿಟೈಸರ್ ಹಚ್ಚುವುದು, ಬ್ಲೀಚ್ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸುವುದು, ಮೂತಿಗೆ ಮಾಸ್ಕ್ ಕಟ್ಟುವುದು ಶುದ್ಧ ಹುಚ್ಚುತನ. ವೈರಸ್ಸಿಗಿಂತ ಮೊದಲು ನಿಮ್ಮ ಔಷಧವೇ ಅದನ್ನು ಮಲಗಿಸುತ್ತದೆ. ಬೆಕ್ಕು ದಿನವಿಡೀ ಮೈ ನೆಕ್ಕುವ ಪ್ರಾಣಿ. ಫಿನಾಯಿಲ್ ಹಾಕಿ ಒರೆಸಿದ ಹಸಿ ನೆಲದ ಮೇಲೆ ನಡೆದು, ಕುಳಿತು ಪಂಜ ನೆಕ್ಕಿದರೆ ಸಾಕು, ವಿಷ ಹೊಟ್ಟೆ ಸೇರಿತು. ಕೆಲವು ಕ್ರಿಮಿನಾಶಕಗಳಿಂದ ನಾಲಿಗೆಯಲ್ಲಿ ಹುಣ್ಣಾಗಿ ಜೊಲ್ಲು ಸುರಿಸುತ್ತಾ ಊಟವನ್ನೇ ಬಿಡುತ್ತದೆ. ನೆಲ ಪೂರ್ತಿ ಒಣಗುವ ತನಕ ಒಳಗೆ ಬಿಡಬೇಡಿ. ಮೈ ಬಿಸಿಯಿದೆ ಅಂತ ನಿಮ್ಮ ಪ್ಯಾರಾಸಿಟಮಾಲ್ ಕೊಟ್ಟೀರಿ ಜೋಕೆ! ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ಸೋಂಕು ತಗಲಿದರೂ ಎಷ್ಟೋ ಪ್ರಾಣಿಗಳಿಗೆ ಏನೂ ಆಗುವುದಿಲ್ಲ. ಏನಾದರೂ ಆದರೆ ಸೀನು, ಕೆಮ್ಮು, ಕಣ್ಣು ಮೂಗಲ್ಲಿ ನೀರು, ಮಂಕುತನ, ಕೆಲವೊಮ್ಮೆ ವಾಂತಿ ಭೇದಿ, ಅಷ್ಟೆ. ಹೆಚ್ಚಿನವು ಮನೆಯಲ್ಲೇ ಸುಧಾರಿಸಿಕೊಳ್ಳುತ್ತವೆ. ಉಸಿರಾಟಕ್ಕೆ ಒದ್ದಾಡಿದರೆ ಮಾತ್ರ ತಡಮಾಡಬೇಡಿ. ನೀವು ಸೋಂಕಿತರಾದರೆ ಆಸ್ಪತ್ರೆಗೆ ನೀವೇ ಹೊತ್ತೊಯ್ಯದೆ, ಮೊದಲು ಪಶುವೈದ್ಯರಿಗೆ ಫೋನ್ ಮಾಡಿ ವಿಷಯ ತಿಳಿಸಿ.

ಬೆಕ್ಕಿನ ಪರೀಕ್ಷೆಯ ವರದಿಯಲ್ಲಿ "ಕೊರೊನಾ" ಅಂತ ಬರೆದದ್ದು ನೋಡಿ ಹೌಹಾರುವವರಿದ್ದಾರೆ. ಬೆಕ್ಕುಗಳಿಗೆ ಅವುಗಳದ್ದೇ ಕೊರೊನಾ ವೈರಸ್ ಇದೆ, ಅದು ನಮಗೆ ಅಂಟುವಂಥದ್ದಲ್ಲ. ನಾಯಿಗೆ ಹಾಕಿಸುವ ಕೊರೊನಾ ಲಸಿಕೆಯೂ ಅದರ ಕರುಳಿನ ಕಾಯಿಲೆಗೇ ಹೊರತು ಕೋವಿಡ್‌ಗಲ್ಲ. ಹಾಕಿಸಿದ್ದೇವೆ ಅಂತ ಜ್ವರದಲ್ಲಿ ಅದನ್ನು ತಬ್ಬಿಕೊಂಡು ಮಲಗಬೇಡಿ.