ಬಿಸಿಯಾದ ಅಂಬಾಸಿಡರ್ ಮತ್ತೆ ಸ್ಟಾರ್ಟ್ ಆಗದಿದ್ದರೆ

ನಮ್ಮದು 1972ರ ಅಂಬಾಸಿಡರ್, ಮಾರ್ಕ್ 2. ಅಪ್ಪನ ಗಾಡಿ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಎದ್ದುಬಿಡುತ್ತದೆ. ಆದರೆ ಉಡುಪಿಯಿಂದ ತೀರ್ಥಹಳ್ಳಿಗೆ ವಾಪಸ್ ಬರುವಾಗ, ಸೋಮೇಶ್ವರ ದಾಟಿ ಆಗುಂಬೆ ಘಾಟಿಯ 14 ತಿರುವು ಹತ್ತುವಷ್ಟರಲ್ಲಿ ಮಿಸ್ಸಿಂಗ್ (ಇಂಜಿನ್ ತಡವರಿಸುವುದು) ಶುರು. ಮೇಲೆ ಬಂದು ಕಾಫಿ ಕುಡಿದು ಕೀ ತಿರುಗಿಸಿದರೆ ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಇಂಜಿನ್ ಮಾತ್ರ ಹಿಡಿಯುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್!

ನೋಡಿದವರೆಲ್ಲ ಹೇಳಿದ್ದು ಒಂದೇ, ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ದಾರಿ ಕಟ್ಟಿದೆ ಅಂತ. "ಪೆಟ್ರೋಲ್ ಏರ್‌ಲಾಕ್ ಸಾರ್, ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ." ಹಾಕಿದೆ. ಇಪ್ಪತ್ತು ನಿಮಿಷಕ್ಕೆ ಸ್ಟಾರ್ಟ್ ಆಯಿತು. ನಂಬಿಬಿಟ್ಟೆ. ಪಂಪ್ ಬದಲಾಯಿಸಿದೆ, ಕಾರ್ಬುರೇಟರ್ ಬಿಚ್ಚಿಸಿದೆ, ಪೈಪ್ ಹೊಸದು ಹಾಕಿಸಿದೆ. ಮುಂದಿನ ಸಲ ಅದೇ ಘಾಟಿ, ಅದೇ ಕೆಮ್ಮು.

ನಾನು ಎಡವಿದ್ದು ಎಲ್ಲಿ ಗೊತ್ತಾ? ಆ ಇಪ್ಪತ್ತು ನಿಮಿಷದಲ್ಲಿ ತಣ್ಣಗಾಗಿದ್ದು ಪಂಪ್ ಒಂದೇ ಅಲ್ಲ. ಕಿಡಿ ಹುಟ್ಟಿಸುವ ಕಾಯಿಲ್ ತಣ್ಣಗಾಯಿತು, ಅದರ ಜೊತೆ ಕೆಲಸ ಮಾಡುವ ಕಂಡೆನ್ಸರ್ ತಣ್ಣಗಾಯಿತು, ಇಂಜಿನ್ ಒಳಗೆ ಪೆಟ್ರೋಲ್ ಜಾಸ್ತಿ ಸುರಿದು ಓವರ್‌ಫ್ಲೋ ಆಗಿದ್ದರೆ ಅದೂ ಆರಿತು. ಕಾದರೆ ಎಲ್ಲ ರೋಗವೂ ವಾಸಿ. ಹಾಗಾಗಿ ಯಾವ ರೋಗ ಅಂತ ಗೊತ್ತಾಗುವುದೇ ಇಲ್ಲ. ಮನೆಗೆ ಬಂದು ಬೆಳಿಗ್ಗೆ ಆರಾಮಾಗಿ ಬಾನೆಟ್ ಎತ್ತಿ ನೋಡಿದರೆ ಎಲ್ಲವೂ ಸರಿಯಾಗೇ ಇರುತ್ತದೆ. ಕಳ್ಳ ಮನೆಯೊಳಗೆ ಇರುವಾಗಲೇ ಹಿಡಿಯಬೇಕು. ಗಾಡಿ ಹಟ ಹಿಡಿದ ಆ ಐದು ನಿಮಿಷದಲ್ಲೇ ಕೆಳಗಿನದನ್ನು ನೋಡಿ.

ಮೊದಲು ಮೂಗು. ಬಾನೆಟ್ ಎತ್ತಿದ ಕೂಡಲೇ ಪೆಟ್ರೋಲ್ ವಾಸನೆ ಗಪ್ಪೆಂದು ಬಂದರೆ, ಕಾರ್ಬುರೇಟರ್ ಹೊರಗೆ ಒದ್ದೆ ಇದ್ದರೆ, ಸ್ಪಾರ್ಕ್ ಪರೀಕ್ಷೆಗೆ ಕೈ ಹಾಕಲೇಬೇಡಿ. ಬೆಂಕಿ ಹತ್ತೀತು. ವಾಸನೆ ಇಲ್ಲ ಅಂದರೆ ಕಾಯಿಲ್‌ನಿಂದ ಡೆಲ್ಕೋ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್) ನಡುವಿಗೆ ಬರುವ ದಪ್ಪ ವೈರ್ ಇದೆಯಲ್ಲ, ಅದನ್ನು ಡೆಲ್ಕೋ ಕಡೆಯಿಂದ ಕಿತ್ತು, ಬಟ್ಟೆ ಒಣಹಾಕುವ ಮರದ ಕ್ಲಿಪ್ಪಿನಲ್ಲಿ ಹಿಡಿದು, ತುದಿಯನ್ನು ಇಂಜಿನ್ ಕಬ್ಬಿಣದಿಂದ 6 ಮಿ.ಮೀ. ದೂರ ಇಡಿ. ಬರಿಗೈಯಲ್ಲಿ ಹಿಡಿಯಬೇಡಿ, ನಾನೊಮ್ಮೆ ಹಿಡಿದು ಮೊಣಕೈವರೆಗೆ ಝುಮ್ಮೆಂದಿದೆ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಚಟ್ ಚಟ್ ಅಂತ ದಪ್ಪ ನೀಲಿ ಕಿಡಿ ಬಂದರೆ ಅಲ್ಲಿಯವರೆಗೆ ಕರೆಂಟ್ ಸರಿ. ಹಳದಿಯಾಗಿ, ಬಡಕಲಾಗಿ ಬಂದರೆ, ಅಥವಾ ಬರದೇ ಇದ್ದರೆ ಪಂಪ್ ಅನ್ನು ಸುಮ್ನೆ ಬಿಡಿ, ತಪ್ಪು ಅದರದಲ್ಲ.

ನಮ್ಮದರಲ್ಲಿ ಬಂದಿದ್ದು ಹಳದಿ.

ಆಮೇಲೆ ಡೆಲ್ಕೋ ಕ್ಯಾಪ್ ತೆಗೆದು ಪಾಯಿಂಟ್ (ಕಾಯಿಲ್ ಕರೆಂಟನ್ನು ಕಡಿದು ಕೂಡಿಸುವ ಸ್ವಿಚ್) ನೋಡಿ. ಸೆಲ್ಫ್ ಹೊಡೆದಾಗ ಪಾಯಿಂಟ್ ನಡುವೆಯೇ ಜೋರು ಕಿಡಿ ಹಾರುತ್ತಿದ್ದರೆ, ಅದರ ಮುಖ ಸುಟ್ಟು ಗುಳಿ ಬಿದ್ದಿದ್ದರೆ ಅನುಮಾನ ಆ ಕಿಡಿ ತಡೆಯಬೇಕಾದ ಕಂಡೆನ್ಸರ್ ಮೇಲೆ. ಪಾಯಿಂಟ್ ಗ್ಯಾಪ್ 15 ಥೌ (ಇಂಚಿನ ಸಾವಿರದಲ್ಲಿ 15 ಭಾಗ), ಅಂದರೆ 0.38 ಮಿ.ಮೀ. ಇರಬೇಕು. ಕಂಡೆನ್ಸರ್ ಬಿಚ್ಚಿ ಕೂರುವ ಅಗತ್ಯ ಇಲ್ಲ. ಹಳೆಯದರ ವೈರ್ ಕಳಚಿ, ಬೇರೊಂದನ್ನು ಹೊರಗಡೆಯೇ ಕಾಯಿಲ್‌ನಿಂದ ಪಾಯಿಂಟ್‌ಗೆ ಹೋಗುವ ಟರ್ಮಿನಲ್‌ಗೆ ಸಿಕ್ಕಿಸಿ, ಅದರ ಮೈಯನ್ನು ಬಾಡಿಗೆ ಅರ್ಥ್ ಮಾಡಿ. ಗಾಡಿ ತಟ್ಟನೆ ಎದ್ದರೆ ಉತ್ತರ ಸಿಕ್ಕಿತು. ನನಗೆ ಹೊಟ್ಟೆ ಉರಿದಿದ್ದು ಇಲ್ಲೇ. ಕೆಟ್ಟಿದ್ದದ್ದು ಎರಡು ತಿಂಗಳ ಹಿಂದೆ ಹಾಕಿಸಿದ ಹೊಸ ಕಂಡೆನ್ಸರ್. ಕಾಪಾಡಿದ್ದು ಅಪ್ಪನ ಬಿಸ್ಕತ್ ಡಬ್ಬಿಯಲ್ಲಿ ಮೊಳೆ, ನಟ್ಟುಗಳ ಜೊತೆ ಬಿದ್ದಿದ್ದ ಹಳೆಯದು. ಅದೇ ಈಗಲೂ ಓಡುತ್ತಿದೆ. ಹಳೆ ಗಾಡಿಗೆ ಸಿಗುವ ಹೊಸ ಸಾಮಾನನ್ನು ಅಷ್ಟು ಬೇಗ ನಂಬಬೇಡಿ, ಬಿಚ್ಚಿದ ಹಳೆಯದನ್ನು ಎಸೆಯಲೂಬೇಡಿ.

ಕಂಡೆನ್ಸರ್ ಬದಲಿಸಿದರೂ ಕಿಡಿ ಬಡಕಲಾದರೆ ಕಾಯಿಲ್. ಒಳಗಿನ ಸುರುಳಿ ಬಿಸಿಗೆ ಹಿಗ್ಗಿ ಬಿಟ್ಟುಕೊಳ್ಳುತ್ತದೆ, ತಣ್ಣಗಾದಾಗ ಕೂಡಿಕೊಳ್ಳುತ್ತದೆ. ಇನ್ನೊಂದು ಒಳ್ಳೆ ಕಾಯಿಲ್ ಹಾಕಿ ನೋಡುವುದೇ ಸುಲಭದ ದಾರಿ. ಕಾಯಿಲ್ ಕಿಡಿ ಚೆನ್ನಾಗಿದ್ದೂ ಪ್ಲಗ್‌ಗೆ ಬರುತ್ತಿಲ್ಲವಾ? ಡೆಲ್ಕೋ ಒಳಗೆ ತಿರುಗುತ್ತಾ ಒಂದೊಂದೇ ಪ್ಲಗ್‌ಗೆ ಕರೆಂಟ್ ದಾಟಿಸುವ ರೋಟರ್ ನೋಡಿ. ಅದನ್ನು ಅದರ ಜಾಗದಲ್ಲೇ ಬಿಟ್ಟು, ಕಾಯಿಲ್ ವೈರ್ ತುದಿಯನ್ನು ರೋಟರ್ ತಲೆಯ ಹಿತ್ತಾಳೆಯಿಂದ 3 ಮಿ.ಮೀ. ಮೇಲೆ ಹಿಡಿದು ಸೆಲ್ಫ್ ಹೊಡೆಸಿ. ಕಿಡಿ ಪದೇ ಪದೇ ಹಾರುತ್ತಿದ್ದರೆ ರೋಟರ್ ಒಳಗೇ ಸೀಳಿ ಕರೆಂಟ್ ಶಾಫ್ಟ್‌ಗೆ ಇಳಿಯುತ್ತಿದೆ ಅಂತ ಅರ್ಥ.

ಕರೆಂಟ್ ಎಲ್ಲ ಸರಿ ಇದ್ದರೆ ಮಾತ್ರ ಪೆಟ್ರೋಲ್ ಕಡೆ ಬನ್ನಿ. ಈ ಇಂಜಿನ್‌ನಲ್ಲಿ ಕಾರ್ಬುರೇಟರ್ ಕೂತಿರುವ ಕಡೆಯೇ ಸೈಲೆನ್ಸರ್‌ಗೆ ಹೋಗುವ ಮ್ಯಾನಿಫೋಲ್ಡ್ ಕೂಡ ಇದೆ. ಒಲೆ ಪಕ್ಕ ಹಾಲು ಇಟ್ಟ ಹಾಗೆ. ಗಾಡಿ ನಿಲ್ಲಿಸಿದಾಗ ಫ್ಯಾನೂ ನಿಲ್ಲುತ್ತದೆ, ನೀರಿನ ಓಡಾಟವೂ ನಿಲ್ಲುತ್ತದೆ, ಬಾನೆಟ್ ಒಳಗಿನ ಬಿಸಿ ಇನ್ನೂ ಏರುತ್ತದೆ. ಫ್ಲೋಟ್ ಚೇಂಬರಿನ (ಕಾರ್ಬುರೇಟರಿನ ಪುಟ್ಟ ಪೆಟ್ರೋಲ್ ತೊಟ್ಟಿ) ಪೆಟ್ರೋಲ್ ಕುದಿದು ಒಳಗೆ ಸುರಿಯುತ್ತದೆ. ಆಗ ಚೋಕ್ ಮುಟ್ಟಬೇಡಿ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಎದ್ದು ಕಪ್ಪು ಹೊಗೆ ಬಿಟ್ಟರೆ ಓವರ್‌ಫ್ಲೋ ಆಗಿತ್ತು ಅಂತ ತಿಳಿಯಿರಿ. ಪದೇ ಪದೇ ಹೀಗಾದರೆ ಆ ತೊಟ್ಟಿ ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ನೀಡಲ್ ನೋಡಿಸಿ. ಕಾರ್ಬುರೇಟರ್ ಕೆಳಗಿನ, ಬಿಸಿ ತಡೆಯುವ ತಗಡಿನ ಶೀಲ್ಡ್ ಇದೆಯಾ ಅಂತಲೂ ನೋಡಿ, ಎಷ್ಟೋ ಗಾಡಿಗಳಲ್ಲಿ ರಿಪೇರಿಗೆ ಬಿಚ್ಚಿದವರು ವಾಪಸ್ ಹಾಕಿರುವುದಿಲ್ಲ. ಈಗಿನ ಪೆಟ್ರೋಲ್‌ನಲ್ಲಿ 20% ಎಥನಾಲ್ ಇರುತ್ತದೆ, ಹಳೆ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಅದನ್ನು ತಡೆಯುವುದಿಲ್ಲ.

ಇನ್ನು ಸ್ಟಾರ್ಟ್ ಆಗಿಯೂ ಮಿಸ್ಸಿಂಗ್ ಇದ್ದರೆ, ಐಡಲ್‌ನಲ್ಲಿ ಬಿಟ್ಟು ರಬ್ಬರ್ ಹಿಡಿಯ ಇಕ್ಕಳದಿಂದ ಪ್ಲಗ್ ಕ್ಯಾಪ್ ಒಂದೊಂದಾಗಿ ಕೀಳಿ. ಯಾವುದನ್ನು ಕಿತ್ತಾಗ ಶಬ್ದ ಬದಲಾಗುವುದಿಲ್ಲವೋ ಆ ಸಿಲಿಂಡರ್ ಮಲಗಿದೆ. ಅದರ ಪ್ಲಗ್ ಅನ್ನು ಪಕ್ಕದ್ದಕ್ಕೆ ಹಾಕಿ. ರೋಗ ಪ್ಲಗ್ ಜೊತೆ ಹೋದರೆ ಪ್ಲಗ್ಗೇ ಕೆಟ್ಟಿದೆ (ಗ್ಯಾಪ್ 25 ಥೌ), ಅಲ್ಲೇ ಉಳಿದರೆ ವೈರ್, ಡೆಲ್ಕೋ ಕ್ಯಾಪ್ ಅಥವಾ ವಾಲ್ವ್. ಅಕ್ಕಪಕ್ಕದ ಎರಡು ಒಟ್ಟಿಗೆ ಮಲಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವುದೇ ಜಾಸ್ತಿ. ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ ಒಮ್ಮೆ ನೋಡಿ, ಸೀಳಿದ ವೈರ್ ಮೇಲೆ ಮಿಂಚುಹುಳದ ಹಾಗೆ ಕಿಡಿ ಹರಿದಾಡುವುದು ಕಾಣುತ್ತದೆ. ನಮ್ಮ ಗಾಡಿಯ 3ನೇ ಸಿಲಿಂಡರ್ ವೈರ್ ಸಿಕ್ಕಿಬಿದ್ದಿದ್ದು ಹಾಗೇ, ಟಾರ್ಚ್ ಸೆಲ್ ಮುಗಿದಿದ್ದ ಒಂದು ರಾತ್ರಿ.