ಬಣ್ಣ ಕೂಡಿಸುವುದು ಮಷಿನ್ ಮೇಲಲ್ಲ, ಫಿಲ್ಮ್ ಅಂಟಿಸುವಾಗ

ನಾಲ್ಕು ಬಣ್ಣದ ಡಿಸೈನ್‌ಗೆ ಸ್ಕ್ರೀನ್ ಪ್ರಿಂಟಿಂಗ್ ಮಷಿನ್ ಮೇಲೆ ಸ್ಕ್ರೀನ್ (ಬಣ್ಣಕ್ಕೊಂದರಂತೆ, ಫ್ರೇಮಿಗೆ ಬಿಗಿದ ಮೆಷ್, ಅಂದರೆ ಜಾಲರಿ) ಕೂರಿಸಲು ಒಂದು ಗಂಟೆ, 30 ಟಿ-ಶರ್ಟ್ ಹೊಡೆಯಲು ಅರ್ಧ ಗಂಟೆ. ಬಳ್ಳಾರಿಯಲ್ಲಿ ಕ್ರಿಕೆಟ್ ಟೂರ್ನಮೆಂಟಿಗೆ, ಜಾತ್ರೆಗೆ ಬರುವ ಸಣ್ಣ ಆರ್ಡರ್‌ಗಳಲ್ಲಿ ಲಾಭ ಸೋರಿಹೋಗುವುದು ಇಲ್ಲೇ. ಫಿಲ್ಮನ್ನು (ಒಂದು ಬಣ್ಣದ ಭಾಗವಷ್ಟೇ ಅಚ್ಚಾದ ಪಾರದರ್ಶಕ ಹಾಳೆ) ಸ್ಕ್ರೀನಿಗೆ ಕಣ್ಣಳತೆಯಲ್ಲಿ ಅಂಟಿಸಿ, ಆಮೇಲೆ ಮಷಿನ್ ಮುಂದೆ ನಿಂತು ಸ್ಕ್ರೂ ತಿರುಗಿಸುತ್ತಾ ಅದನ್ನು ತಿದ್ದುವುದೇ ತಡಕ್ಕೆ ಕಾರಣ.

ನಾನು ಬಳಸುವುದು ಮೂರು ಗೂಟದ ಪದ್ಧತಿ. ಫ್ರೇಮಿನ ಎಡಬದಿಯ ಉದ್ದಕ್ಕೆ ಎರಡು ಗೂಟ, ಮುಂದಿನ ಅಂಚಿಗೆ ಒಂದು. ನಾಲ್ಕನೆಯದು ಬೇಡ, ಹಾಕಿದರೆ ಫ್ರೇಮ್ ಯಾವುದೋ ಒಂದಕ್ಕೆ ತಾಗದೆ ಅಲ್ಲಾಡುತ್ತದೆ. 20×24 ಇಂಚಿನ ಅಲ್ಯೂಮಿನಿಯಂ ಫ್ರೇಮಿಗೆ ಉದ್ದದ ಎರಡು ಗೂಟಗಳ ನಡುವೆ 18 ಇಂಚು ಬಿಟ್ಟಿದ್ದೇನೆ. ಅಂತರ ಹೆಚ್ಚಿದ್ದಷ್ಟೂ ಓರೆ ಕಡಿಮೆ.

ಇಂಥ ಗೂಟಗಳಿರುವ ಪ್ಲೇಟ್ ಎರಡು ಬೇಕು. ಒಂದು ಮಷಿನ್ನಿನಲ್ಲಿ ಟಿ-ಶರ್ಟ್ ಹಾಸುವ ಹಲಗೆ ಮೇಲೆ ಕೂರುವ ಅಲ್ಯೂಮಿನಿಯಂ ಪ್ಲೇಟ್, ಇನ್ನೊಂದು ಫಿಲ್ಮ್ ಜೋಡಿಸುವ 10 ಮಿ.ಮೀ. ಅಕ್ರಿಲಿಕ್, ಕೆಳಗೆ ಲೈಟು. ಎರಡನ್ನೂ ಒಂದರ ಮೇಲೊಂದಿಟ್ಟು ಬಿಗಿದು, ಮೂರೂ ತೂತನ್ನು ಒಟ್ಟಿಗೇ ಕೊರೆಸಬೇಕು. ಬೇರೆ ಬೇರೆ ಅಳೆದು ಕೊರೆದರೆ ಇಡೀ ಕೆಲಸ ದಂಡ. ಗೂಟಕ್ಕೆ ನುಣುಪಾದ 8 ಮಿ.ಮೀ. ಸರಳು, ಬೋಲ್ಟಿನ ತಿರುಪು ಗೆರೆಗಳಿಗೆ ಫ್ರೇಮ್ ಒಂದೇ ರೀತಿ ತಾಗುವುದಿಲ್ಲ. ಫ್ರೇಮುಗಳ ಅಳತೆ ಒಂದೇ ಇರಬೇಕೆಂದೇನಿಲ್ಲ. ಒಂದು ಫ್ರೇಮು ಎರಡೂ ಪ್ಲೇಟಿನಲ್ಲಿ ತನ್ನ ಅದೇ ಮೂರು ಜಾಗದಲ್ಲಿ ತಾಗಿದರೆ ಮುಗಿಯಿತು.

ಮೊದಲ ಬಣ್ಣದ ಫಿಲ್ಮನ್ನು ಅಕ್ರಿಲಿಕ್ ಮೇಲೆ, ಇಂಕ್ ಮೇಲ್ಮುಖವಾಗಿ, ಅಕ್ಷರ ನೇರ ಓದುವಂತೆ ಇಡುತ್ತೇನೆ. ಇದೇ ದಿಕ್ಕಿನಲ್ಲಿ ಡಿಸೈನ್ ಬಟ್ಟೆಯ ಮೇಲೆ ಬೀಳುವುದು. ಸ್ಕ್ರೀನನ್ನು ಬೋರಲು ಮಾಡಿ ಅಂಟಿಸುವವರಿಗೆ ಎಡ ಬಲವಾಗಿ ಗೂಟದ ಲೆಕ್ಕ ತಪ್ಪುತ್ತದೆ. ಉಳಿದ ಫಿಲ್ಮುಗಳ ಅಂಚಿಗೆ ಪಟ್ಟಿಯನ್ನು ಸಡಿಲವಾಗಿ ಅಂಟಿಸಿ, ಆಫೀಸಿನ ಎರಡು ತೂತಿನ ಪಂಚ್‌ನಿಂದ (6 ಮಿ.ಮೀ. ತೂತು, 80 ಮಿ.ಮೀ. ಅಂತರ) ಕೊರೆದು, ಡಿಸೈನಿನಿಂದ ದೂರ ನೆಟ್ಟ ಗಿಡ್ಡ ಮೊಳೆಗಳ ಮೇಲೆ ಕೂರಿಸಬೇಕು. ಎಲ್ಲ ಫಿಲ್ಮಿನಲ್ಲೂ ಇರುವ ಹೊಂದಾಣಿಕೆಯ ಮಾರ್ಕುಗಳನ್ನು ಮೊದಲ ಫಿಲ್ಮಿನ ಮಾರ್ಕಿಗೆ ಭೂತಗನ್ನಡಿಯಲ್ಲಿ ನೋಡಿ ಹೊಂದಿಸಿದ ಮೇಲೆಯೇ ಪಟ್ಟಿ ಬಿಗಿ. ಮೊಳೆ 1 ಮಿ.ಮೀ. ಮೀರಿದರೆ ಮೆಷ್ ಎದ್ದು ಫಿಲ್ಮಿಗೆ ತಾಗುವುದಿಲ್ಲ.

ಲೈಟು ಆರಿಸಿ, ಹಳದಿ ಬೆಳಕಿನಲ್ಲಿ, ಎಮಲ್ಷನ್ (ಬೆಳಕು ಬಿದ್ದರೆ ಗಟ್ಟಿಯಾಗುವ ಲೇಪ) ಕೋಟ್ ಆದ ಸ್ಕ್ರೀನನ್ನು ಗೂಟಕ್ಕೆ ಒತ್ತಿ ಇಳಿಸಿ. ಫಿಲ್ಮಿನ ಮೂಲೆಗೆ ಎರಡೂ ಬದಿ ಅಂಟುವ ಪಾರದರ್ಶಕ ಟೇಪ್ ಚೂರು ಮೊದಲೇ ಹಾಕಿರಬೇಕು. ಒಳಗಿನಿಂದ ಬೆರಳಲ್ಲಿ ಒತ್ತಿದರೆ ಫಿಲ್ಮ್ ಸ್ಕ್ರೀನಿಗೆ ಹಿಡಿಯುತ್ತದೆ. ಲೈಟು ಆರಿಸಲು ಮರೆತರೆ ಎಮಲ್ಷನ್ ಅಲ್ಲೇ ಗಟ್ಟಿಯಾಗಿ ತೊಳೆದರೂ ತೆರೆಯದು.

ಮಷಿನ್‌ನಲ್ಲಿ ಸ್ಕ್ರೀನನ್ನು ಕೂದಲೆಳೆಯಷ್ಟು ಜರುಗಿಸುವ ಮೈಕ್ರೋ ಸ್ಕ್ರೂಗಳನ್ನು ಮಧ್ಯಕ್ಕೆ ತನ್ನಿ. ಮೊದಲ ಹಲಗೆಯ ಮೇಲೆ ಪ್ಲೇಟ್ ಕೂರಿಸಿ, ಬೆಳಕು ಕೊಟ್ಟು ತೊಳೆದು ಒಣಗಿಸಿದ ಸ್ಕ್ರೀನ್ ಗೂಟಕ್ಕೆ ತಾಗಿದ ಮೇಲೆ ಕ್ಲಾಂಪ್ ಬಿಗಿಯಿರಿ. ಬಿಗಿಯುವಾಗಲೇ ಫ್ರೇಮ್ ಜರುಗುವುದು ಹೆಚ್ಚು. ಗೂಟಕ್ಕೂ ಫ್ರೇಮಿಗೂ ನಡುವೆ ಪೇಪರ್ ಚೂರಿಟ್ಟು ಎಳೆಯಿರಿ. ಸಲೀಸಾಗಿ ಬಂದರೆ ಸಡಿಲಿಸಿ ಮತ್ತೆ ಬಿಗಿಯಬೇಕು. ಎಲ್ಲ ಸ್ಕ್ರೀನೂ ಇದೇ ಹಲಗೆಯ ಮೇಲೆ.

ಇಷ್ಟಾದರೂ ಬಣ್ಣ ಕೂಡದಿದ್ದರೆ ಲೇಸರ್ ಪ್ರಿಂಟರ್‌ನ ಫಿಲ್ಮನ್ನು ನೋಡಿ. ಒಳಗಿನ ಶಾಖಕ್ಕೆ ಅದು ಕುಗ್ಗುತ್ತದೆ, ಒಂದೊಂದು ಹಾಳೆ ಒಂದೊಂದು ಥರ. ಇಂಕ್‌ಜೆಟ್ ಫಿಲ್ಮ್ ವಾಸಿ. ನಮ್ಮ ಬೇಸಿಗೆಯಲ್ಲಿ ಅಕ್ರಿಲಿಕ್ಕೂ ಹಿಗ್ಗುತ್ತದೆ: 20 ಡಿಗ್ರಿ ಏರಿದರೆ 18 ಇಂಚಿಗೆ ಅರ್ಧ ಮಿ.ಮೀ. ಮೀರಿ. ಹಾಗಾಗಿ ಒಂದು ಡಿಸೈನಿನ ಎಲ್ಲ ಫಿಲ್ಮೂ ಒಂದೇ ಹೊತ್ತಿನಲ್ಲಿ ಅಂಟಲಿ. ಮೊದಲ ಬಣ್ಣ ಸರಿಯಿದ್ದು, ಫ್ಲಾಶ್ (ಬಣ್ಣ ಅರೆ ಒಣಗಿಸುವ ಶಾಖ) ಹೊಡೆದ ಮೇಲೆ ಎರಡನೆಯದು ತಪ್ಪಿದರೆ ಸ್ಕ್ರೀನ್ ಮುಟ್ಟಬೇಡಿ, ಕುಗ್ಗಿದ್ದು ಕಾಟನ್. ಬಣ್ಣ ಹಾಕುವ ಮುಂಚೆಯೇ ಖಾಲಿ ಬಟ್ಟೆಗೆ ಒಮ್ಮೆ ಫ್ಲಾಶ್ ಕೊಡಿ.