ಡೈ ಲೇಸರಿನಲ್ಲೇ ಹುಳುವಿನ ಸ್ಪರ್ಶ ನರಕೋಶ ಪಿಎಲ್‌ಎಂ ಕತ್ತರಿಸಿದ್ದು, ಬೆಳೆದದ್ದು: ನನ್ನ ಅನುಭವ

ನೈಟ್ರೋಜನ್-ಡೈ ಲೇಸರಿನಲ್ಲಿ ಹುಳುವಿನ ಆಕ್ಸಾನ್ (ನರಕೋಶದ ಉದ್ದನೆಯ ಎಳೆ) ಕತ್ತರಿಸಿದರೆ ಸುತ್ತಲಿನದೆಲ್ಲ ಸುಟ್ಟುಹೋಗುತ್ತದೆ, ಮರುಬೆಳವಣಿಗೆಯ ಮಾತೇ ಬೇಡ ಎಂದವರೇ ಹೆಚ್ಚು. 2004ರಲ್ಲಿ ಇದೇ ಹುಳು, ಅಂದರೆ ಸಿ. ಎಲಿಗನ್ಸ್‌ನಲ್ಲಿ ಕತ್ತರಿಸಿದ ಆಕ್ಸಾನ್ ಮತ್ತೆ ಬೆಳೆಯುವುದನ್ನು ತೋರಿಸಿದ್ದು ಅತಿ ಕಿರು ಪಲ್ಸಿನ ಫೆಮ್ಟೋಸೆಕೆಂಡ್ ಲೇಸರ್, ನಿಜ. ಅದಕ್ಕೆ ಕೋಟಿಯ ಲೆಕ್ಕದಲ್ಲಿ ಹಣ ಬೇಕು. ನಮ್ಮದು 440 ನ್ಯಾನೋಮೀಟರಿನ ಕೂಮರಿನ್ ಡೈ. ಈಗ ಹತ್ತರಲ್ಲಿ ಏಳು ಹುಳುಗಳಲ್ಲಿ ಆಕ್ಸಾನ್ 24 ಗಂಟೆಯಲ್ಲಿ ಚೆನ್ನಾಗಿ ಬೆಳೆದಿರುತ್ತದೆ.

ಮೊದಲ ಎರಡು ತಿಂಗಳು ಕೆಡಿಸಿದ್ದು ಲೇಸರ್ ಅಲ್ಲ, ಅರಿವಳಿಕೆಗೆ ಬಳಸಿದ ಸೋಡಿಯಂ ಅಜೈಡ್. ಹುಳು ಅಲ್ಲಾಡದೆ ಬಿದ್ದಿರುತ್ತದೆ, ಆದರೆ ಮೈಟೊಕಾಂಡ್ರಿಯಾದ ಉಸಿರೇ ಕಟ್ಟಿದ ಮೇಲೆ ಆಕ್ಸಾನ್ ಬೆಳೆಯುವುದು ಎಲ್ಲಿಂದ? ಈಗ ಅರಿವಳಿಕೆಯೇ ಇಲ್ಲ. ಹುಳುವನ್ನು ಹಿಡಿದಿಡಲು 10% ಅಗರೋಸ್ (ಜೆಲ್ಲಿಯಂಥದ್ದು) ಪ್ಯಾಡ್, ಮೇಲೆ 0.1 ಮೈಕ್ರಾನಿನ ಪಾಲಿಸ್ಟೈರೀನ್ ಬೀಡ್ (ಪ್ಲಾಸ್ಟಿಕ್ ಕಣ), ಅರ್ಧ ಮೈಕ್ರೋಲೀಟರಿನಷ್ಟು. ಹನಿ ದೊಡ್ಡದಾದರೆ ಹುಳು ಈಜುತ್ತದೆ. ಪ್ಯಾಡ್ ಒಣಗಿದ್ದರೆ ಮೈ ಚಪ್ಪಟೆಯಾಗಿ ಸಾಯುತ್ತದೆ. ಪ್ಯಾಡ್ ಹಾಕಿ ಅರ್ಧ ಗಂಟೆಯೊಳಗೆ ಕೆಲಸ ಮುಗಿಸಬೇಕು. ಬೀಡ್ ದುಬಾರಿ, ಆದರೆ ಒಂದು ಸೀಸೆ ತಿಂಗಳುಗಟ್ಟಲೆ ಬರುತ್ತದೆ. ಅದರ ಜೊತೆ ಇನ್ನೊಂದನ್ನು ಬೆರೆಸುತ್ತೇವೆ, ಅದು ಸದ್ಯಕ್ಕೆ ನಮ್ಮಲ್ಲೇ ಇರಲಿ.

ಎಲ್4 (ಕೊನೆಯ ಮರಿ ಹಂತದ) ಹುಳು, ಕವರ್‌ಸ್ಲಿಪ್ ಕಡೆಗಿರುವ ಪಿಎಲ್‌ಎಂ, ಕೋಶಕಾಯದಿಂದ ಸುಮಾರು 50 ಮೈಕ್ರಾನ್ ಮುಂದೆ. ದಿನಾ ಬೆಳಗ್ಗೆ ಮಾರ್ಕರ್ ಇಂಕು ಬಳಿದ ಸ್ಲೈಡಿನ ಮೇಲೆ ಹೊಡೆದು ಗುರಿ ಸರಿಮಾಡಿಕೊಳ್ಳುತ್ತೇವೆ. ಲೇಸರಿನ ಶಕ್ತಿ ಹೊಂದಿಸುವ ಅಟೆನ್ಯುಯೇಟರನ್ನು ಅತಿ ಕಡಿಮೆಯಿಂದ ಮೇಲಕ್ಕೆ ತರಬೇಕು, ಒಮ್ಮೆಗೆ ಎರಡು-ಮೂರು ಪಲ್ಸ್ ಮಾತ್ರ. ಶಕ್ತಿ ಹೆಚ್ಚಾದರೆ ಗುಳ್ಳೆ ಏಳುತ್ತದೆ, ಮರುದಿನ ಅಲ್ಲಿ ಹೊಳೆಯುವ ಕಲೆ ಉಳಿದಿರುತ್ತದೆ; ಅದನ್ನೇ ಬೆಳವಣಿಗೆ ಎಂದು ಎಣಿಸಿದ್ದೂ ಉಂಟು.

ಕತ್ತರಿಸಿತೋ, ಬರೀ ಬ್ಲೀಚ್ ಆಗಿ ಹೊಳಪಷ್ಟೇ ಆರಿತೋ? ಎರಡು ನಿಮಿಷ ಕಾಯಿರಿ. ಬ್ಲೀಚ್ ಆಗಿದ್ದರೆ ನರಕೋಶವನ್ನು ಹೊಳೆಸುವ ಪ್ರೋಟೀನ್ ಜಿಎಫ್‌ಪಿ ಹರಿದು ಬಂದು ಅಂತರ ಮತ್ತೆ ತುಂಬುತ್ತದೆ. ನಿಜವಾಗಿ ತುಂಡಾಗಿದ್ದರೆ ಎರಡೂ ತುದಿ ಹಿಂದೆ ಸರಿದು ಸಣ್ಣ ಗುಂಡಿನಂತೆ ಊದಿಕೊಳ್ಳುತ್ತವೆ. ಹುಳುವನ್ನು ಬಿಡಿಸುವಾಗ ಎಮ್9 (ಉಪ್ಪಿನ ದ್ರಾವಣ) ಹನಿ ಬಿಟ್ಟು ಕವರ್‌ಸ್ಲಿಪ್ ನೇರ ಮೇಲಕ್ಕೆತ್ತಿ. ಜಾರಿಸಿದರೆ ಹುಳು ಸೀಳಿಹೋಗುತ್ತದೆ. ಪ್ಲೇಟಿಗೊಂದು ಹುಳು, ಒಪಿ50 (ಹುಳು ತಿನ್ನುವ ಬ್ಯಾಕ್ಟೀರಿಯಾ), 20 ಡಿಗ್ರಿ.

ನಮ್ಮ ಅಂಕಿಗಳನ್ನು ಯಾರೂ ನಂಬದಿದ್ದಾಗ ಕೈಹಿಡಿದದ್ದು ಮರುಬೆಳವಣಿಗೆಗೆ ಬೇಕಾದ ಜೀನ್ ಕೆಟ್ಟಿರುವ ಡಿಎಲ್‌ಕೆ-1 ಮ್ಯುಟೆಂಟ್. ಅದೇ ದಿನ, ಅದೇ ಪ್ಯಾಡಿನಲ್ಲಿ ಕತ್ತರಿಸಿದರೂ ಅವುಗಳಲ್ಲಿ ಬೆಳವಣಿಗೆ ಬಹುತೇಕ ಇಲ್ಲ. ಅಲ್ಲೂ ಉದ್ದ ಕಂಡರೆ ನಿಮ್ಮ ಕತ್ತರಿಸುವಿಕೆಯೇ ತಪ್ಪು. ಬೆಳೆದ ತುದಿ ಹಳೆಯ ತುಂಡಿಗೆ ಬೆಸೆದುಕೊಂಡಿದ್ದರೆ ಉದ್ದ ಅಳೆಯಬೇಡಿ, ಬೇರೆ ಕಾಲಂನಲ್ಲಿ ಬರೆಯಿರಿ.

ನಡುವೆ ಪೆಲ್ಟಿಯರ್ (ವಿದ್ಯುತ್ತಿನಿಂದ ತಂಪಾಗುವ ಫಲಕ) ಇಟ್ಟು ಹುಳುವನ್ನು ಚಳಿಯಲ್ಲಿ ನಿಲ್ಲಿಸಿ ನೋಡಿದೆವು. ಸ್ಲೈಡೆಲ್ಲ ಇಬ್ಬನಿ ಕಟ್ಟಿತು, ಬಿಟ್ಟೆವು. ಇನ್ನು ಲೇಸರಿನ ಶಕ್ತಿ ತಾನಾಗಿ ಕುಸಿಯುತ್ತಾ ಬಂದರೆ ಲೆನ್ಸ್ ಮುಟ್ಟಬೇಡಿ, ಮೊದಲು ಡೈ ಬದಲಿಸಿ.